ಕುಕ್ರಿಯ ಕಥೆ ಮುಗಿದ ಮೇಲೆ

ಎಲ್ಲರಿಗೂ ನಮಸ್ಕಾರ.

ಡಿಸೆಂಬರ್ 16, ಅಂದರೆ 1971ರ ಯುದ್ಧ ಗೆದ್ದ ದಿನ, ಬಂತೆಂದರೆ ಒಂದು ಕಥೆ ಮೊಬೈಲಿಂದ ಮೊಬೈಲಿಗೆ ಓಡಾಡುತ್ತದೆ. ಗೂರ್ಖಾ ಪಲ್ಟನ್ನಿನ ಅಧಿಕಾರಿಯೊಬ್ಬರು ತಮ್ಮ ಕಾಲನ್ನು ತಾವೇ ಕುಕ್ರಿಯಿಂದ, ಅಂದರೆ ಗೂರ್ಖಾಗಳ ಬಾಗಿದ ಕತ್ತಿಯಿಂದ, ಕತ್ತರಿಸಿಕೊಂಡ ಕಥೆ. ನಿಮ್ಮಲ್ಲೂ ಜಾಸ್ತಿ ಜನ ಕೇಳಿರುತ್ತೀರಿ, ಅಲ್ವಾ? ಕಥೆ ನಿಜ. ಅವರ ಹೆಸರು ಇಯಾನ್ ಕಾರ್ಡೋಜೊ. ಆದರೆ ನಾವು ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟಿಬಿಡುತ್ತೇವೆ. ನನ್ನ ತಕರಾರು ಅದು. ಕಾಲು ಕಡಿದದ್ದು ಒಂದು ಗಳಿಗೆ. ಆಮೇಲಿನದ್ದು ಇಡೀ ಬದುಕು.

ಕೇಳದವರಿಗಾಗಿ ಬೇಗ ಹೇಳಿಬಿಡುತ್ತೇನೆ. ಹುಟ್ಟಿದ್ದು 1937ರಲ್ಲಿ, ಮುಂಬೈಯಲ್ಲಿ. ಸೇರಿದ್ದು ಐದನೇ ಗೂರ್ಖಾ ರೈಫಲ್ಸ್. ಗೂರ್ಖಾ ಸಿಪಾಯಿಗಳ ನಾಲಿಗೆಗೆ ‘ಕಾರ್ಡೋಜೊ’ ಒಗ್ಗಲಿಲ್ಲ. ‘ಕಾರ್ತೂಸ್ ಸಾಹೇಬ್’ ಎಂದು ಕರೆದರು. ನಮ್ಮ ಹಿರಿಯರು ಬಂದೂಕಿನ ತೋಟಾಕ್ಕೆ ಕಾಡತೂಸು ಅನ್ನುತ್ತಿದ್ದರಲ್ಲ, ಅದೇ ಮಾತು.

ಪಾಕಿಸ್ತಾನದ ಜೊತೆಗಿನ 1971ರ ಯುದ್ಧದಲ್ಲಿ ಅವರ ಬೆಟಾಲಿಯನ್ ಹೆಲಿಕಾಪ್ಟರಿನಲ್ಲಿ ಸಿಲ್ಹೆಟ್ ಬಳಿ, ಈಗಿನ ಬಾಂಗ್ಲಾದೇಶದಲ್ಲಿ, ಇಳಿಯಿತು. ಇಳಿದದ್ದು ಒಂದೇ ಬೆಟಾಲಿಯನ್. ಬಿಬಿಸಿ ರೇಡಿಯೋ ಮಾತ್ರ ಇಡೀ ಬ್ರಿಗೇಡೇ, ಅಂದರೆ ಹಲವು ಬೆಟಾಲಿಯನ್‌ಗಳ ದಂಡೇ, ಇಳಿದಿದೆ ಎಂದು ಸುದ್ದಿ ಕೊಟ್ಟಿತು. ಇವರೂ ಸುಮ್ನೆ ಅದನ್ನೇ ನಿಜ ಎಂಬಂತೆ ನಡೆಸಿಕೊಂಡು ಹೋದರು. ಎದುರಾಳಿಗಳು ಕೊನೆಗೂ ಶರಣಾದರು.

ನೆಲಬಾಂಬಿನ ಮೇಲೆ ಕಾರ್ಡೋಜೊ ಕಾಲಿಟ್ಟದ್ದು ಢಾಕಾ ಬಿದ್ದ ಮೇಲೆ. ಆಗ ಅವರಿಗೆ 34 ವರ್ಷ. ಡಾಕ್ಟರ ಹತ್ತಿರ ನೋವಿನ ಔಷಧಿ ಇಲ್ಲ, ಕತ್ತರಿಸುವ ಸಲಕರಣೆಯೂ ಇಲ್ಲ. ತಮ್ಮ ಸಿಪಾಯಿಗೆ ‘ಕುಕ್ರಿಯಿಂದ ಕಡಿ’ ಎಂದರು. ಅವನು ಒಪ್ಪಲಿಲ್ಲ. ತಾವೇ ಕಡಿದುಕೊಂಡರು, ಹೂತುಬಿಡಿ ಎಂದರು. ಬಾಂಗ್ಲಾದೇಶದಲ್ಲಿ ನನಗೂ ಒಂದು ಅಡಿ ಜಾಗ ಇದೆ ಎಂದು ಆಮೇಲೆ ತಮಾಷೆ ಮಾಡುತ್ತಿದ್ದರು.

ಶಸ್ತ್ರಚಿಕಿತ್ಸೆಗೆ ಸಿಕ್ಕವರು ಸೆರೆಯಲ್ಲಿದ್ದ ಪಾಕಿಸ್ತಾನಿ ಸರ್ಜನ್, ಮೇಜರ್ ಮೊಹಮ್ಮದ್ ಬಶೀರ್. ಅವರ ಕೈಯಲ್ಲಿ ಬೇಡವೇ ಬೇಡ ಎಂದು ಇವರ ಹಟ. ಕಮಾಂಡಿಂಗ್ ಆಫೀಸರ್ ಹಾರೋಲಿಕರ್ ಗದರಿದ ಮೇಲೆ ಒಪ್ಪಿದರು. ಅದಕ್ಕೂ ಷರತ್ತು: ಪಾಕಿಸ್ತಾನದ ರಕ್ತ ಕೊಡಬಾರದು. ನನಗೆ ಈ ಷರತ್ತು ಪೂರ್ತಿ ಮೆಚ್ಚುಗೆಯಾಗುವುದಿಲ್ಲ, ನಿಜ ಹೇಳಬೇಕಲ್ಲ. ಆದರೆ ಬಶೀರ್ ಕೆಲಸ ಚೆನ್ನಾಗಿ ಮಾಡಿದ್ದರು. ಅವರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಉಳಿಯಿತು ಎಂಬ ಕೊರಗನ್ನು ಕಾರ್ಡೋಜೊ ಮುಚ್ಚಿಟ್ಟುಕೊಳ್ಳಲಿಲ್ಲ.

ಇನ್ನು ಮನೆಗೆ ಬರೋಣ. ಹೆಂಡತಿ ಪ್ರಿಸಿಲ್ಲಾ. ಮೂವರು ಗಂಡುಮಕ್ಕಳು. ಕಾಲು ಕಳೆದುಕೊಂಡವರ ಮನೆ ಹೇಗಿರುತ್ತದೆ ಯೋಚಿಸಿ. ಪುಣೆಯಲ್ಲಿ 1944ರಿಂದ ಸೈನಿಕರಿಗೆ ಕೃತಕ ಕಾಲು ಮಾಡಿಕೊಡುವ ಕೇಂದ್ರವಿದೆ. ಆದರೆ ಕಾಲು ಕೊಟ್ಟ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಉಳಿದ ಮೊಂಡುಗಾಲು ತಿಂಗಳುಗಟ್ಟಲೆ ಸೊರಗುತ್ತಾ ಹೋಗುತ್ತದೆ. ನಿನ್ನೆ ಸರಿಯಾಗಿ ಕೂತಿದ್ದದ್ದು ಇವತ್ತು ಸಡಿಲ. ಚರ್ಮ ಉಜ್ಜಿ ಹುಣ್ಣಾಗುತ್ತದೆ. ಇಲ್ಲದ ಹೆಬ್ಬೆರಳು ನೋಯುತ್ತದೆ! ರಾತ್ರಿ ಕಾಲು ಬಿಚ್ಚಿಟ್ಟು ಮಲಗಿದವರಿಗೆ ನೀರು ಕುಡಿಯಬೇಕೆಂದರೂ ಅದನ್ನು ಮತ್ತೆ ಕಟ್ಟಿಕೊಳ್ಳಬೇಕು, ಇಲ್ಲವೇ ಊರುಗೋಲು ಹುಡುಕಬೇಕು. ಇದಕ್ಕೆಲ್ಲ ಯಾರೂ ಪದಕ ಕೊಡುವುದಿಲ್ಲ. ಮನೆಯವರಿಗಂತೂ ಇಲ್ಲವೇ ಇಲ್ಲ.

ಇಂಥ ಹೊತ್ತಲ್ಲಿ ಬೇರೆಯವರಾಗಿದ್ದರೆ ಆಫೀಸಿನ ಕುರ್ಚಿ ಸಾಕು ಅನ್ನುತ್ತಿದ್ದರು. ನಾನಂತೂ ಅನ್ನುತ್ತಿದ್ದೆ. ಇವರು ಮತ್ತೆ ಸಿಪಾಯಿಗಳನ್ನು ಮುನ್ನಡೆಸಬೇಕು ಎಂದು ಕೂತರು. ಕಾಲಿಲ್ಲದವರಿಗೆ ಬೆಟಾಲಿಯನ್ ಕೊಟ್ಟ ಉದಾಹರಣೆಯೇ ಸೇನೆಯಲ್ಲಿ ಇರಲಿಲ್ಲ. ದೈಹಿಕ ಪರೀಕ್ಷೆಗೆ ಓಡುತ್ತೇನೆ ಎಂದಾಗ ಡಾಕ್ಟರು, ‘ಓಡಿದರೆ ಅರೆಸ್ಟ್ ಮಾಡಿಸುತ್ತೇನೆ’ ಎಂದರು. ಓಡಿದ ಮೇಲಲ್ಲವೇ ಅರೆಸ್ಟು? ಓಡಿಯೇ ಬಿಟ್ಟರು. ಎರಡೂ ಕಾಲಿದ್ದ ಏಳು ಮಂದಿ ಅಧಿಕಾರಿಗಳು ಹಿಂದೆ ಉಳಿದರು.

ಅಷ್ಟಾದರೂ ಕಡತ ಮುಂದೆ ಹೋಗಲಿಲ್ಲ. ಆಗ ಸೇನಾ ಮುಖ್ಯಸ್ಥರಾಗಿದ್ದವರು ಜನರಲ್ ಟಿ.ಎನ್. ರೈನಾ. ಅವರು ಇವರನ್ನು ಲಡಾಖಿಗೆ ಜೊತೆಯಲ್ಲಿ ಕರೆದುಕೊಂಡು ಹೋದರು. ಬೆಟ್ಟದಲ್ಲಿ, ಹಿಮದಲ್ಲಿ ನಡೆಯುವುದನ್ನು ಕಣ್ಣಾರೆ ನೋಡಿದರು. ಬೆಟಾಲಿಯನ್ ಸಿಕ್ಕಿತು. ಮುಂದೆ ಬ್ರಿಗೇಡೂ ಸಿಕ್ಕಿತು. ಮೇಜರ್ ಜನರಲ್ ಆಗಿ ನಿವೃತ್ತರಾದರು.

ಪ್ರಿಸಿಲ್ಲಾ ಅವರ ಕಡೆಯಿಂದ ಇದನ್ನು ನೋಡಿ. ಗಂಡ ಒಂದು ಕಾಲು ಕೊಟ್ಟು ವಾಪಸ್ ಬಂದಿದ್ದಾನೆ. ಇನ್ನಾದರೂ ಮನೆಯಲ್ಲಿರುತ್ತಾನೆ ಅಂದುಕೊಳ್ಳುವುದು ತಪ್ಪಲ್ಲ. ಅವನು ಮತ್ತೆ ಬೆಟ್ಟ ಹತ್ತಲು ಹೊರಟಿದ್ದಾನೆ. ಟ್ರಂಕು ಕಟ್ಟುವುದು, ಊರೂರು ಸುತ್ತುವುದು, ಮಕ್ಕಳ ಸ್ಕೂಲು. ಸೇನೆಯವರ ಮನೆಗಳಲ್ಲಿ ಇದು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಇಲ್ಲಿ ಕೂತಿರುವ ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ.

ನಿವೃತ್ತಿಯ ನಂತರ ಅವರು ಅಂಗವೈಕಲ್ಯ ಇರುವವರಿಗಾಗಿ ದುಡಿದರು. 2005ರಿಂದ 2011ರವರೆಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಅಧ್ಯಕ್ಷರಾಗಿದ್ದರು. ಮುಂಬೈ ಮ್ಯಾರಥಾನಿಗೂ ಹೋದರು. ಹುಟ್ಟಿದ ಊರಿನ ರಸ್ತೆಯಲ್ಲಿ, ಕೃತಕ ಕಾಲು ಕಟ್ಟಿಕೊಂಡು, ಓಡಿದರು.

ಪ್ರಶ್ನೆಗಳಿದ್ದರೆ ಕೇಳಿ.