ತುಕ್ಕು ಕಾಣುವ ಜಾಗ, ಕಬ್ಬಿಣ ಸವೆಯುವ ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಮುಗಿದ ಮೇಲೆ ಮನೆಯ ಗೇಟಿನ ಕೆಳಗಿನ ಪಟ್ಟಿಯನ್ನು ಒಮ್ಮೆ ಬಗ್ಗಿ ನೋಡಿ. ಅಲ್ಲಲ್ಲಿ ಪೇಂಟು ಗುಳ್ಳೆ ಎದ್ದಿರುತ್ತದೆ. ಉಗುರಿನಿಂದ ಕೆರೆದರೆ ಕೆಂಪು ಪುಡಿ ಉದುರುತ್ತದೆ. ಸುತ್ತಲಿನ ಪೇಂಟು ಮಾತ್ರ ಚೆನ್ನಾಗಿಯೇ ಇದೆ! ಒಳಗೆ ತುಕ್ಕು ಹಿಡಿದದ್ದು ಹೇಗೆ?

ತುಕ್ಕು ಹಿಡಿಯಲು ನೀರೂ ಬೇಕು, ಗಾಳಿಯಲ್ಲಿರುವ ಆಮ್ಲಜನಕವೂ ಬೇಕು. ಹೈಸ್ಕೂಲಿನಲ್ಲಿ ಮೂರು ಗಾಜಿನ ನಳಿಕೆಗಳಲ್ಲಿ ಮೊಳೆ ಹಾಕಿಟ್ಟು ತೋರಿಸುತ್ತಿದ್ದರು, ನೆನಪಿದೆಯಲ್ವಾ? ಒಣಗಾಳಿಯಲ್ಲಿಟ್ಟ ಮೊಳೆಗೆ ಏನೂ ಆಗುವುದಿಲ್ಲ. ಕುದಿಸಿ ಗಾಳಿ ಹೋಗಿಸಿದ ನೀರಿನ ಮೇಲೆ ಎಣ್ಣೆ ಹಾಕಿಟ್ಟರೆ ಅದರೊಳಗಿನ ಮೊಳೆಯೂ ಹಾಗೇ ಇರುತ್ತದೆ. ಮಾಮೂಲಿ ನೀರಿನಲ್ಲಿಟ್ಟದ್ದು ಮಾತ್ರ ಕೆಂಪಾಗುತ್ತದೆ.

ಇನ್ನೂ ಹತ್ತಿರದಿಂದ ನೋಡೋಣ. ಚೆನ್ನಾಗಿ ಉಜ್ಜಿದ ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಉಪ್ಪುನೀರು ಬಿಡಿ. ಸ್ವಲ್ಪ ಹೊತ್ತಿಗೆ ಹನಿಯೊಳಗೆ ತುಕ್ಕು ಉಂಗುರದ ಹಾಗೆ ಮೂಡುತ್ತದೆ. ಆದರೆ ಕಬ್ಬಿಣ ಸವೆಯುವುದು ಆ ಉಂಗುರದ ನಡುವೆ, ತುಕ್ಕು ಕಾಣದ ಕಡೆ. ಹನಿಯ ಅಂಚಿಗೆ ಗಾಳಿ ಜಾಸ್ತಿ ಸಿಗುತ್ತದೆ, ನಡುವಿಗೆ ಕಡಿಮೆ. ನಡುವಿನ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತದೆ. ಅಂಚಿನಲ್ಲಿ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳುತ್ತದೆ. ಕರಗಿದ ಕಬ್ಬಿಣ ಅಂಚಿನ ಕಡೆ ಸಾಗಿ, ಆಮ್ಲಜನಕ ಸಿಕ್ಕ ಕಡೆ ತುಕ್ಕಾಗಿ ಕೂರುತ್ತದೆ. ಒಂದು ಹನಿಯಲ್ಲೇ ಪುಟ್ಟ ಬ್ಯಾಟರಿ ನಡೆಯುತ್ತಿರುತ್ತದೆ. ಉಪ್ಪಿದ್ದರೆ ಕರೆಂಟು ಸಲೀಸಾಗಿ ಹರಿಯುತ್ತದೆ. ಕಾರವಾರ, ಮಲ್ಪೆ ಕಡೆ ಕಿಟಕಿಯ ಗ್ರಿಲ್ಲು ಬೇಗ ಹಾಳಾಗುವುದು ಇದರಿಂದಲೇ.

ಗೇಟಿನ ಗುಳ್ಳೆಯೊಳಗೂ ಇದೇ ಕೆಲಸ. ಪೇಂಟಿನ ಗೀರಿನಿಂದ ನೀರು ಒಳಗಿಳಿಯುತ್ತದೆ. ಗಾಳಿ ಕಡಿಮೆ ಇರುವ ಸಂದಿಯಲ್ಲಿ ಕಬ್ಬಿಣ ಕರಗುತ್ತಾ ಹೋಗುತ್ತದೆ. ಹಾಗಾಗಿ ತುಕ್ಕಿನ ಮೇಲೆ ಸುಮ್ನೆ ಹೊಸ ಪೇಂಟು ಬಳಿದರೆ ಹಣ ದಂಡ. ಅಲ್ಯೂಮಿನಿಯಂ ಮೇಲೆ ಮೂಡುವ ಪೊರೆ ಗಟ್ಟಿಯಾಗಿ ಅಂಟಿ ಕೂರುತ್ತದೆ, ತುಕ್ಕು ಹಾಗಲ್ಲ. ಅದು ಪೊಳ್ಳು, ನೀರನ್ನು ಹಿಡಿದಿಡುತ್ತದೆ. ತಂತಿ ಬ್ರಷ್ಷಿನಿಂದ ಕೆರೆದು, ಉಪ್ಪುಕಾಗದದಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ. ಧೂಳು ಒರೆಸಿ ಅದೇ ದಿನ ಪ್ರೈಮರ್ ಹಚ್ಚಿ. ಆಮೇಲೆ ಪೇಂಟು. ಬಣ್ಣ ಯಾವುದಾದರೂ ಇರಲಿ, ಉಜ್ಜುವುದರಲ್ಲಿ ಮಾತ್ರ ಜಿಪುಣತನ ಬೇಡ. ಕುಡುಗೋಲು, ಗುದ್ದಲಿಗಾದರೆ ಒರೆಸಿ ಒಂದಿಷ್ಟು ಎಣ್ಣೆ ಸವರಿದರೆ ಸಾಕು.

ಜಿಐ ಪೈಪಿನ ಮೇಲೆ ಸತುವಿನ ಲೇಪ ಇರುತ್ತದೆ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿದ ಸತುವಿನಲ್ಲಿ ಕಬ್ಬಿಣವನ್ನು ಅದ್ದಿ ತೆಗೆಯುತ್ತಾರೆ. ಸತುವು ಬರೀ ಹೊದಿಕೆಯಲ್ಲ. ಎಲ್ಲಾದರೂ ಗೀರು ಬಿದ್ದರೆ ಮೊದಲು ತಾನೇ ಸವೆದು ಕಬ್ಬಿಣವನ್ನು ಉಳಿಸುತ್ತದೆ. ಈ ಗುಣ ನನಗೆ ತುಂಬಾ ಇಷ್ಟ. ಆದರೆ ವೆಲ್ಡಿಂಗ್ ಮಾಡಿದ ಕಡೆ ಲೇಪ ಸುಟ್ಟುಹೋಗಿರುತ್ತದೆ. ತುಕ್ಕು ಶುರುವಾಗುವುದು ಅಲ್ಲೇ. ವೆಲ್ಡರ್ ಹೊರಡುವ ಮೊದಲೇ ಆ ಜಾಗಕ್ಕೆ ಸತುವಿನ ಪೇಂಟು ಹಚ್ಚಿಸಿಬಿಡಿ.

ಇನ್ನು ಮನೆ ಕಟ್ಟುವವರಿಗೆ ಒಂದು ಮಾತು. ಕಾಂಕ್ರೀಟಿನೊಳಗಿನ ಕಂಬಿಯನ್ನು ಸಿಮೆಂಟಿನ ಕ್ಷಾರ ಗುಣ ಕಾಯುತ್ತದೆ. ಅದನ್ನು ದಾಟಿ ನೀರು, ಉಪ್ಪು ಒಳಗೆ ಹೋದರೆ ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ತಾರಸಿಯ ತಳದಿಂದ ಚೂರು ಉದುರುವುದಕ್ಕೆ ಎಷ್ಟೋ ಕಡೆ ಇದೇ ಕಾರಣ. ಅದಕ್ಕೇ ಕಂಬಿಯ ಹೊರಗೆ ಸಾಕಷ್ಟು ದಪ್ಪದ ಕಾಂಕ್ರೀಟು ಇರಬೇಕು. ಕಾಂಕ್ರೀಟ್ ಕೆಲಸದ ನಿಯಮಗಳಿರುವ ಭಾರತೀಯ ಮಾನಕ 456ರ ಪ್ರಕಾರ ಮಳೆ, ತೇವ ತಾಗದ ಒಳಭಾಗದಲ್ಲಿ ಕನಿಷ್ಠ 20 ಮಿಲಿಮೀಟರ್, ಕಡಲ ಗಾಳಿಗೆ ತೆರೆದ ಕಡೆ 45. ಮೋಲ್ಡ್ ಹಾಕುವ ದಿನ ಬೆಳಿಗ್ಗೆ ನೀವೇ ಹೋಗಿ ಕಂಬಿಯಡಿ ಕವರ್ ಬ್ಲಾಕ್, ಅಂದರೆ ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ ಪುಟ್ಟ ಬಿಲ್ಲೆ, ಇದೆಯಾ ನೋಡಿ. ತುಳಿದು ಕಂಬಿ ಕೆಳಗೆ ಕೂತಿದ್ದರೆ ಎತ್ತಿಸಿ. ಕಾಂಕ್ರೀಟು ಬಿದ್ದ ಮೇಲೆ ಅದನ್ನು ಸರಿಪಡಿಸಲು ಆಗುವುದಿಲ್ಲ.

ನಮಸ್ಕಾರ.