ಮನೆಯ ಕುಕ್ಕರಿನಲ್ಲಿ ಪನ್ನೀರು

ಎಲ್ಲರಿಗೂ ನಮಸ್ಕಾರ. ಬಟ್ಟಿ ಇಳಿಸುವುದು ಎಂದ ಕೂಡಲೇ ನಮ್ಮಲ್ಲಿ ಸಾರಾಯಿಯ ನೆನಪಾಗುತ್ತದೆ. ವಿದ್ಯೆ ಅದೇ, ಇವತ್ತು ಹೂವಿಗೆ.

ಮೊದಲು ಒಂದು ಆಸೆ ಬಿಟ್ಟುಬಿಡಿ. ಮನೆಯಲ್ಲಿ ಗುಲಾಬಿ ಎಣ್ಣೆ ಸಿಗದು. ಒಂದು ಕೆಜಿ ಎಣ್ಣೆಗೆ 3,000ದಿಂದ 5,000 ಕೆಜಿ ಹೂ ಬೇಕು. ಕಾಲು ಕೆಜಿ ಎಸಳಿಗೆ ಲೆಕ್ಕ ಹಾಕಿದರೆ ಎರಡು ಹನಿ, ಅದೂ ಕೊಳವೆಗೇ ಅಂಟಿಕೊಳ್ಳುತ್ತದೆ. ಆದರೆ ಗುಲಾಬಿಯ ಪರಿಮಳದಲ್ಲಿ ದೊಡ್ಡ ಪಾಲಿರುವ ಫಿನೈಲ್ ಈಥೈಲ್ ಆಲ್ಕೋಹಾಲ್ ನೀರಿನಲ್ಲಿ ಕರಗುತ್ತದೆ; ಎಣ್ಣೆ ಕಾಣದಿದ್ದರೂ ನೀರು ಘಮಘಮಿಸುವುದು ಅದರಿಂದಲೇ. ಮಲ್ಲಿಗೆಗೆ ಈ ಭಾಗ್ಯವಿಲ್ಲ. ಆವಿಯ ಬಿಸಿಗೆ ಅದರ ಕಂಪು ಕೆಡುತ್ತದೆ, ಕಾರ್ಖಾನೆಗಳೂ ಅದನ್ನು ಹೆಚ್ಚಾಗಿ ದ್ರಾವಕ ಬಳಸಿಯೇ ತೆಗೆಯುತ್ತವೆ.

ಹೂ ಪನ್ನೀರು ಗುಲಾಬಿಯೇ ಆಗಲಿ. ಬೊಕೆಯ ಉದ್ದ ಕಾಂಡದ ಗುಲಾಬಿಯಲ್ಲಿ ಬಣ್ಣ ಬಿಟ್ಟರೆ ಹೆಚ್ಚೇನಿಲ್ಲ, ಮೇಲಾಗಿ ಔಷಧಿ ಹೊಡೆದಿರುತ್ತಾರೆ. ಬಿಸಿಲೇರುವ ಮೊದಲು ಕೊಯ್ದು ಅಂದೇ ಒಲೆಗೇರಿಸಿ.

5 ಲೀಟರಿನ ಸ್ಟೀಲ್ ಕುಕ್ಕರಿಗೆ ಒಂದೂವರೆ ಲೀಟರ್ ನೀರು, 250 ಗ್ರಾಂ ಎಸಳು. ಎಸಳು ಮೇಲೆದ್ದು ಆವಿಯ ದಾರಿ ಮುಚ್ಚದಂತೆ ತೂತಿನ ಇಡ್ಲಿ ತಟ್ಟೆಯೊಂದನ್ನು ಮೇಲಿಡಿ. ಆ ದಾರಿ ಕಟ್ಟಿಕೊಂಡರೆ ಕುಕ್ಕರ್ ಬಾಂಬಿನಂತೆಯೇ. ಪ್ರತಿ ಸಲ ಮುಚ್ಚಳವನ್ನು ಬೆಳಕಿಗೆ ಹಿಡಿದು, ಆವಿ ಹೋಗುವ ತೂತು ತೆರೆದಿದೆಯೇ ನೋಡಿ. ವೆಯ್ಟ್ ತೆಗೆದಿಟ್ಟು, ಅದು ಕೂರುವ ನಳಿಕೆಗೆ ಸಿಲಿಕೋನ್ ಕೊಳವೆ ಸಿಕ್ಕಿಸಿ. ಅದರ ಇನ್ನೊಂದು ತುದಿಗೆ ಸುಮಾರು 10 ಅಡಿಯ ತಾಮ್ರದ ಸುರುಳಿ, ತಣ್ಣೀರಿನ ಬಕೆಟ್ಟಿನೊಳಗೆ. ಸುರುಳಿ ಉದ್ದಕ್ಕೂ ಇಳಿಜಾರಾಗಿರಬೇಕು. ನಡುವೆ ತಗ್ಗು ಬಿದ್ದರೆ ನೀರು ಅಲ್ಲೇ ನಿಂತು ಗುಳುಗುಳು ಎನ್ನುತ್ತದೆ.

ಸಾರು ಮಾಡಿದ ಕುಕ್ಕರಾದರೆ ಗ್ಯಾಸ್ಕೆಟ್ ಹೊಸದು ಹಾಕಿ, ಇಲ್ಲವಾದರೆ ಪನ್ನೀರಿಗೆ ಹಿಂಗಿನ ವಾಸನೆ!

ಕುದಿ ಬಂದೊಡನೆ ಉರಿ ಸಣ್ಣ ಮಾಡಿ. ನೀರು ಹನಿಹನಿಯಾಗಿ, ಮುಟ್ಟಿದರೆ ತಣ್ಣಗೆ ಬೀಳಬೇಕು. ಬೆಚ್ಚಗಿದ್ದರೆ ಪರಿಮಳ ಗಾಳಿಪಾಲಾಗುತ್ತಿದೆ ಎಂದರ್ಥ; ಬಕೆಟ್ಟಿನ ನೀರು ಬದಲಿಸಿ. ಕೊಳವೆಯ ತುದಿ ಸಂಗ್ರಹದ ನೀರಿನಲ್ಲಿ ಮುಳುಗಿರಬಾರದು, ಒಲೆ ಆರಿಸಿದಾಗ ಕುಕ್ಕರ್ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. 250ರಿಂದ 300 ಮಿಲಿ ಬಂದಮೇಲೆ ನಿಲ್ಲಿಸಿ. ಅನಂತರ ಬರುವುದು ಬೇಯಿಸಿದ ಸೊಪ್ಪಿನ ವಾಸನೆ, ಒಳ್ಳೆಯ ನೀರನ್ನೂ ಸಪ್ಪೆ ಮಾಡುತ್ತದೆ.

ಕುದಿಸಿ ಒಣಗಿಸಿದ ಗಾಜಿನ ಬಾಟಲಿಯಲ್ಲಿ ಕಂಠಮಟ್ಟ ತುಂಬಿ ಫ್ರಿಜ್ಜಿನಲ್ಲಿಡಿ. ಬಿಳಿ ನೂಲಿನಂಥದ್ದು ತೇಲಿದ ದಿನ ಚೆಲ್ಲಿಬಿಡಿ, ಸೋಸಿ ಉಳಿಸುವ ಜಾಣತನ ಬೇಡ.

ಎಣ್ಣೆ ಕಣ್ಣಾರೆ ಕಾಣಬೇಕೇ? ಮಜ್ಜಿಗೆ ಹುಲ್ಲು ಹಿಡಿಯಿರಿ. ಹಸಿ ಹುಲ್ಲಿನ ಕೆಜಿಗೆ ಸುಮಾರು 2ರಿಂದ 5 ಮಿಲಿ ಸಿಗುತ್ತದೆ. ಒಂದು ದಿನ ನೆರಳಿನಲ್ಲಿ ಬಾಡಿಸಿ ಎರಡಿಂಚಿಗೆ ಕತ್ತರಿಸಿ. ಇದನ್ನು ನೀರಿನಲ್ಲಿ ಮುಳುಗಿಸುವುದು ಬೇಡ. ನೀರಿನ ಮಟ್ಟದ ಮೇಲೆ ತೂತಿನ ತಟ್ಟೆಯಿಟ್ಟು ಅದರ ಮೇಲೆ ಸಮನಾಗಿ ಒತ್ತಿ ತುಂಬಿ. ಎಲ್ಲಾದರೂ ಸಡಿಲ ಉಳಿದರೆ ಆವಿ ಆ ಸಂದಿನಲ್ಲೇ ನುಗ್ಗಿಹೋಗಿ, ಉಳಿದ ಹುಲ್ಲು ಹಾಗೇ ಇರುತ್ತದೆ. ಒಂದೂವರೆ–ಎರಡು ಗಂಟೆ ಸಾಕು, ನಡುವೆ ತಳದ ನೀರು ಬತ್ತದಂತೆ ನೋಡಿಕೊಳ್ಳಿ. ನಿಂಬೆಯಂಥ ವಾಸನೆ ಕೊಡುವ ಸಿಟ್ರಾಲ್ ತುಂಬಿದ ಹಳದಿ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಕಿರಿದಾದ ಕತ್ತಿನ ಬಾಟಲಿಯಲ್ಲಿ ಹಿಡಿದರೆ ಡ್ರಾಪರಿನಿಂದ ತೆಗೆಯುವುದು ಸುಲಭ. ಲವಂಗದ ಎಣ್ಣೆಯಾದರೆ ಉಲ್ಟಾ, ತಳಕ್ಕಿಳಿಯುತ್ತದೆ.

ಹೊಸ ಎಣ್ಣೆಗೆ ಬೆಂದ ವಾಸನೆಯಿದ್ದರೆ ಗಾಬರಿ ಬೇಡ, ಕೆಲವು ದಿನಗಳಲ್ಲಿ ಹೋಗುತ್ತದೆ. ಚರ್ಮಕ್ಕೆ ನೇರವಾಗಿ ಹಚ್ಚಬೇಡಿ, ಉರಿಯುತ್ತದೆ. 100 ಮಿಲಿ ಕೊಬ್ಬರಿ ಎಣ್ಣೆಗೆ ಹತ್ತು ಹನಿ ಸಾಕು.