ಬಸ್ಸು ಪುಕ್ಕಟೆ, ಬಾಗಿಲಿಗೆ ಐದು ರೂಪಾಯಿ: ಕೋಲಾರದ ಪೇಟೆ ಬೀದಿಗಳಲ್ಲಿ ಒಂಬತ್ತು ಜನ ಹೆಂಗಸರು

ಹೆಂಗಸರ ಗುಂಪು ಒಂದು ದಿನದಲ್ಲಿ ಕೋಲಾರ ಸುತ್ತೋದು ಹೇಗೆ ಅಂತ ತೋರಿಸೋ ವಿಡಿಯೋ ಇದು, ಹಿಂದಿನ ಮಾತು ನಂದು. ಇದು ಬೆಂಗಳೂರಿನ ಕೆ.ಆರ್.ಪುರ, ಬೆಳಗ್ಗೆ ಆರೂವರೆ. ಪರದೆ ಮೂಲೇಲಿ ಕಪ್ಪಗೆ ಕಾಣ್ತಿರೋದು ಮೋಡ ಅಲ್ಲ, ಯಾರದೋ ಹೆಬ್ಬೆರಳು. ಹಾಂ, ತೆಗೆದ್ರು.

ಈ ಶಾಟ್‌ನಲ್ಲಿ ಎರಡು ಕೆಂಪು ಬಸ್ಸು ಬಂದು ನಿಂತು ಹೋಗ್ತವೆ, ನಾವು ಒಂದಕ್ಕೂ ಕೈ ಹಾಕಲ್ಲ. ಸೀಟು ಇತ್ತು, ಕೋಲಾರದ ಮೇಲೇ ಹೋಗುತ್ತೆ. ಆದ್ರೆ ಬೋರ್ಡು ನೋಡಿ: ಒಂದು ತಿರುಪತಿ, ಇನ್ನೊಂದು ಚಿತ್ತೂರು. ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿರೋ ಶಕ್ತಿ ಯೋಜನೆ ರಾಜ್ಯದ ಒಳಗೆ ಓಡೋ ಬಸ್ಸಿಗೆ ಮಾತ್ರ. ಗಡಿ ದಾಟೋ ಬಸ್ಸು ಹತ್ತಿದ್ರೆ ನೀವು ಕೋಲಾರದಲ್ಲೇ ಇಳಿದ್ರೂ ಪೂರ್ತಿ ಟಿಕೆಟ್. ಕಂಡಕ್ಟರಣ್ಣನ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ, ನಿಯಮವೇ ಹಾಗಿದೆ. ರಾಜಹಂಸ, ಎ.ಸಿ. ಬಸ್ಸಿಗೂ ಅನ್ವಯ ಆಗಲ್ಲ. ಕೋಲಾರ, ಮುಳಬಾಗಿಲು ಅಂತ ಬೋರ್ಡು ಇದ್ರೆ ಕಣ್ಣು ಮುಚ್ಕೊಂಡು ಹತ್ತಿ. ಆಧಾರ್ ಅಥವಾ ಇನ್ನೊಂದು ಗುರುತಿನ ಚೀಟಿ ಇರಲಿ, ಅದರಲ್ಲಿ ಕರ್ನಾಟಕದ ವಿಳಾಸ ಇರಬೇಕು. ಗುಂಪಲ್ಲಿ ಹೊಸೂರಿಂದಲೋ ಅನಂತಪುರದಿಂದಲೋ ಬಂದವರು ಇದ್ರೆ ಅವರು ದುಡ್ಡು ಕೊಡ್ಲೇಬೇಕು, ಮೊದಲೇ ಹೇಳಿಬಿಡಿ, ಬಸ್ಸಲ್ಲಿ ಮುಖ ಸಣ್ಣ ಆಗೋದು ತಪ್ಪುತ್ತೆ. ಇನ್ನು ಆ ಸೊನ್ನೆ ಟಿಕೆಟ್ಟನ್ನ ಕಿಟಕಿಯಿಂದ ಹಾರಿಸಬೇಡಿ. ಚೆಕಿಂಗಿನವರು ಬಂದ್ರೆ ಅದೂ ಟಿಕೆಟ್ಟೇ.

ಐವತ್ತು ಚಿಲ್ಲರೆ ಕಿಲೋಮೀಟರ್ ಹೆದ್ದಾರಿ. ಇದನ್ನ ಎಡಿಟಿಂಗಲ್ಲಿ ಓಡಿಸ್ತೀನಿ. ಆ ಹೊತ್ತಿಗೆ ಗುಂಪು ಯಾಕೆ ಎಂಟೇ ಜನ ಅಂತ ಹೇಳ್ಬಿಡ್ತೀನಿ. ಆಟೋ ಲೆಕ್ಕ. ಒಂದು ಆಟೋದಲ್ಲಿ ನಿಯಮದ ಪ್ರಕಾರ ಮೂರು ಜನ. ಎಂಟು ಮತ್ತು ದಾರಿ ತೋರಿಸೋಳು ಒಬ್ಬಳು, ಒಂಬತ್ತು. ಸರಿಯಾಗಿ ಮೂರು ಆಟೋ. ಹತ್ತಾದ್ರೆ ನಾಲ್ಕನೇ ಆಟೋ ಒಬ್ಬಳಿಗೆ, ಇಲ್ಲಾಂದ್ರೆ ಡ್ರೈವರ್ ಪಕ್ಕ ಅರ್ಧ ಸೀಟು. ಅದು ಬೇಡ. ಆಮೇಲೆ ಹತ್ತು ಜನ ದಾಟಿದ ಮೇಲೆ ಗಲ್ಲಿಯೊಳಗೆ ನಾವು ಮೆರವಣಿಗೆ ಥರ ಕಾಣ್ತೀವಿ, ಮನೆಯವರು ಬಾಗಿಲು ಹಾಕ್ಕೊಳ್ತಾರೆ.

ಎ.ಪಿ.ಎಂ.ಸಿ. ಯಾರ್ಡ್. ಸದ್ದು ಜಾಸ್ತಿ ಇದೆ, ಅದಕ್ಕೇ ಮೇಲಿಂದ ಮಾತಾಡ್ತಿದ್ದೀನಿ. ಟೊಮೆಟೊ ವಹಿವಾಟಿನಲ್ಲಿ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಇದೂ ಒಂದು. ಲೆಕ್ಕ ಎಲ್ಲ ಬಾಕ್ಸಲ್ಲಿ, ಒಂದು ಬಾಕ್ಸ್ 15 ಕೆಜಿ. 2023ರ ಜುಲೈನಲ್ಲಿ ಇದೇ ಬಾಕ್ಸು 2,000 ರೂಪಾಯಿ ದಾಟಿತ್ತು, ಟಿವಿಯವರೆಲ್ಲ ಇಲ್ಲೇ ಬೀಡುಬಿಟ್ಟಿದ್ರು. ಬೆಲೆ ಬಿದ್ದಾಗ ಕೀಳೋ ಕೂಲಿನೂ ಹುಟ್ಟಲ್ಲ ಅಂತ ರೈತರು ರಸ್ತೆ ಬದಿ ಸುರಿದು ಹೋಗ್ತಾರೆ, ಆಗ ಒಂದು ಕ್ಯಾಮೆರಾನೂ ಇರಲ್ಲ. ಹರಾಜಿನ ಕೂಗು ಕೇಳಿ, ಅರ್ಧ ತೆಲುಗು, ಕಾಲು ಕನ್ನಡ, ಕಾಲು ಉರ್ದು. ಕೋಲಾರ ಮಾತಾಡೋದೇ ಹೀಗೆ. ಹೊಲದಲ್ಲಿ ಬಗ್ಗಿ ಹಣ್ಣು ಕೀಳೋರು ಹೆಚ್ಚಿನವರು ಹೆಂಗಸರು. ಈ ಫ್ರೇಮಲ್ಲಿ ಎಷ್ಟು ಹೆಂಗಸರಿದ್ದಾರೆ ಎಣಿಸಿ. ನಮ್ಮನ್ನ ಬಿಟ್ಟು.

ಇಲ್ಲಿಗೆ ಬರೋರು ಚಪ್ಪಲಿ ಅಲ್ಲ, ಮುಚ್ಚಿದ ಶೂ ಹಾಕಿ. ಕೆಳಗೆ ಒಡೆದ ಹಣ್ಣಿನ ರಸ, ಸೋಪಿನ ನೀರಿಗಿಂತ ಜಾರುತ್ತೆ. ದುಪಟ್ಟಾ, ಸೆರಗು ಸಿಕ್ಕಿಸ್ಕೊಳ್ಳಿ, ಕ್ರೇಟಿನ ಮೂಲೆಗೆ ಸಿಕ್ಕಿದ್ರೆ ಹಮಾಲಿ ಅಣ್ಣನ ತಲೆ ಮೇಲಿನ ಬಾಕ್ಸೂ ಬರುತ್ತೆ. ತಲೆಹೊರೆ ಬರ್ತಿದ್ರೆ ದಾರಿ ಅವರದು, ಪಕ್ಕಕ್ಕೆ ಸರೀರಿ. ಇಪ್ಪತ್ತು ನಿಮಿಷ ಸಾಕು. ಅರ್ಧ ಗಂಟೆ ಮಾಡಬಾರದು, ಅದಕ್ಕೆ ಕಾರಣ ಮುಂದಿನ ಶಾಟ್.

ಮುಂದಿನ ಶಾಟ್‌ನಲ್ಲಿ ಏನೂ ಇಲ್ಲ. ಒಂದು ಗೋಡೆ, ಒಂದು ಟೇಬಲ್, ಸಾಲು. ಇದು ಶೌಚಾಲಯ. ಎಲ್ಲಿದು ಅಂತ ಹೇಳಲ್ಲ. ಯಾವ ಊರಿಗೆ ಹೋದ್ರೂ ಇದೇ ಗೋಡೆ, ಇದೇ ಟೇಬಲ್.

ಊರು ತೋರಿಸೋ ವಿಡಿಯೋದಲ್ಲಿ ಇದನ್ನ ಯಾಕೆ ತೋರಿಸ್ತೀರಾ ಅಂತ ಕೇಳ್ಬೇಡಿ. ಹೆಂಗಸರ ಗುಂಪು ಕರ್ಕೊಂಡು ಹೋಗೋರು ನಕ್ಷೆ ಹಾಕೋದು ದೇವಸ್ಥಾನದಿಂದ ದೇವಸ್ಥಾನಕ್ಕೆ ಅಲ್ಲ, ಇಲ್ಲಿಂದ ಇನ್ನೊಂದು ಇಂಥದಕ್ಕೆ. ಎರಡು ಗಂಟೆಗೊಂದು ಇರಬೇಕು. ಇಲ್ಲಾಂದ್ರೆ ಏನಾಗುತ್ತೆ? ಎಲ್ಲರೂ ನೀರು ಕುಡಿಯೋದು ಬಿಡ್ತಾರೆ. ಯಾರೂ ಹೇಳಲ್ಲ, ಬಾಟಲಿ ತುಂಬಿದ್ದು ತುಂಬಿದ ಹಾಗೇ ಇರುತ್ತೆ. ಹನ್ನೊಂದು ಗಂಟೆ ಬಿಸಿಲಿಗೆ ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಕಾಲು ಹಿಡಿತ, ಮನೆಗೆ ಹೋದ ಮೇಲೆ ಉರಿಮೂತ್ರ.

ಈಗ ಲೆಕ್ಕ. ಬಾಗಿಲು ಎರಡು. ಒಂದರ ಚಿಲಕ ಕಿತ್ತಿದೆ. ಒಬ್ಬರಿಗೆ ಮೂರು ನಿಮಿಷ ಅಂದ್ರೂ ಒಂದೇ ಬಾಗಿಲಲ್ಲಿ ಒಂಬತ್ತು ಜನಕ್ಕೆ 27 ನಿಮಿಷ, ಎರಡೂ ಇದ್ದಿದ್ರೆ 15ರಲ್ಲಿ ಮುಗೀತಿತ್ತು. ಒಂದು ಚಿಲಕ ನಮ್ಮ 12 ನಿಮಿಷ ತಿಂತು. ಅದಕ್ಕೇ ಬ್ಯಾಗಲ್ಲಿ ಒಂದು ಮೊಳ ಗಟ್ಟಿ ದಾರ ಇರುತ್ತೆ, ಚಿಲಕದ ತೂತಿಗೆ ಕಟ್ಟಿ ಒಳಗಿಂದ ಹಿಡ್ಕೊಳ್ಳೋದು. ಹೊರಗೆ ಒಬ್ಬರು ನಿಲ್ತಾರೆ, ಅದು ಬೇರೆ. ಗೋಡೇಲಿ ಬ್ಯಾಗು ನೇತು ಹಾಕೋ ಮೊಳೆ ಇರಲ್ಲ, ಎಸ್ ಆಕಾರದ ಕೊಕ್ಕೆ ತನ್ನಿ, ಬಾಗಿಲ ಮೇಲಂಚಿಗೆ ಸಿಕ್ಕಿಸಬಹುದು. ಪೇಪರ್ ಸೋಪು. ಹಳೇ ಪೇಪರ್ ಎರಡು ಹಾಳೆ, ಜಿಪ್ ಇರೋ ಕವರ್ ಒಂದು, ಯಾಕಂದ್ರೆ ಒಳಗೆ ಕಸದ ಡಬ್ಬಿ ಇರುತ್ತೆ ಅಂತ ನಂಬೋಕಾಗಲ್ಲ, ಪ್ಯಾಡ್ ಗುಂಡಿಗೆ ಹಾಕಿದ್ರೆ ಮುಂದಿನ ಗುಂಪಿಗೆ ಆ ಬಾಗಿಲೂ ಇಲ್ಲ.

ಆಮೇಲೆ ಚಿಲ್ಲರೆ. ತಲೆಗೆ ಐದು ರೂಪಾಯಿ. ಟೇಬಲ್ ಮೇಲೆ ಸ್ಕ್ಯಾನರ್ ಇದೆ ನೋಡಿ, ಅಂಟಿಸಿರೋ ಹಾಳೆ ಹರಿದು ಚೌಕಗಳು ಅರ್ಧ ಹೋಗಿವೆ, ಅದು ಅಲಂಕಾರಕ್ಕೆ. ಐವತ್ತರ ನೋಟು ಕೊಟ್ರೆ ‘ಚಿಲ್ಲರೆ ಕೊಡಿ ಅಕ್ಕ’. ಒಂಬತ್ತು ಜನಕ್ಕೆ 45. ದಿನಕ್ಕೆ ನಾಲ್ಕು ಸಲ, 180. ಗಂಡಸರಿಗೆ ನಿಂತು ಮುಗಿಸೋ ಕಡೆ ದುಡ್ಡಿಲ್ಲ, ಅವರ ದಾರಿಗೆ ಟೇಬಲ್ಲೇ ಇಲ್ಲ. ಅಂದ್ರೆ ಐವತ್ತು ಚಿಲ್ಲರೆ ಕಿಲೋಮೀಟರಿಗೆ ಸೊನ್ನೆ ರೂಪಾಯಿ, ಮೂರು ನಿಮಿಷಕ್ಕೆ ಐದು! ಐದು ರೂಪಾಯಿ ದೊಡ್ಡದಲ್ಲ ಅಂತೀರಾ? ಟೇಬಲ್ ಹತ್ರ ಕೂತಿರೋ ಅಮ್ಮನಿಗೂ ಅದರಲ್ಲಿ ಸಂಬಳ ಹುಟ್ಟಬೇಕು, ಒಪ್ಕೊಳ್ತೀನಿ. ಅವರ ಮೇಲೆ ಕೋಪ ಇಲ್ಲ. ಆ ಚಿಲಕದ ಮೇಲಿದೆ. ಐದು ರೂಪಾಯಿ ನಾಣ್ಯ ನಲವತ್ತು, ಬಟ್ಟೆ ಚೀಲದಲ್ಲಿ ಹಾಕ್ಕೊಂಡು ಹೊರಡಿ, ಅಷ್ಟೇ.

ಶಾಟ್ ಮುಗೀತು, ಬನ್ನಿ ಬನ್ನಿ.

ತಿಂಡಿ. ಮುಳಬಾಗಿಲು ದೋಸೆ. ಅಗಲ ಕಡಿಮೆ, ದಪ್ಪ ಜಾಸ್ತಿ, ಅಂಚು ಗರಿ, ಒಳಗೆ ಕೆಂಪು ಚಟ್ನಿ. ಎರಡು ತಿಂದ್ರೆ ಸಾಕು. ತಿಂಡಿಗೆ ಹೋಟೆಲ್ ಆರಿಸೋವಾಗ ದೋಸೆಗಿಂತ ಮೊದಲು ಹಿಂದಿನ ಬಾಗಿಲು ನೋಡಿರ್ತೀವಿ. ಸರಿ, ಇನ್ನು ಆ ವಿಷಯ ಎತ್ತಲ್ಲ.

ಕೋಲಾರಮ್ಮನ ಗುಡಿ. ಒಳಗೆ ಶೂಟಿಂಗ್ ಮಾಡಿಲ್ಲ, ಹೊರಗೋಡೆ ಮಾತ್ರ. ಗೋಡೆ ಮೇಲಿರೋ ಅಕ್ಷರ ಕನ್ನಡ ಅಲ್ಲ, ಚೋಳರ ಕಾಲದ ತಮಿಳು ಶಾಸನ. ಹನ್ನೊಂದನೇ ಶತಮಾನದಲ್ಲಿ ರಾಜೇಂದ್ರ ಚೋಳನ ಆಳ್ವಿಕೆ ಇಲ್ಲಿತ್ತು. ಅದಕ್ಕೂ ಮೊದಲು ಗಂಗರು, ಅವರ ಮೊದಲ ರಾಜಧಾನಿ ಇದೇ ಊರು, ಆಗಿನ ಹೆಸರು ಕುವಲಾಲ. ಆಮೇಲೆ ತಲಕಾಡಿಗೆ ಹೋದ್ರು. ಅಮ್ಮನ್ನ ನೇರ ನೋಡಬಾರದು, ಉಗ್ರ ಅಂತ, ಎದುರಿಗಿರೋ ಕನ್ನಡಿಯಲ್ಲಿ ನೋಡಿ ಕೈ ಮುಗೀಬೇಕು. ಗುಂಪಲ್ಲಿ ಯಾರಾದ್ರೂ ಮೊದಲ ಸಲ ಬಂದಿದ್ರೆ ಕನ್ನಡಿ ಎಲ್ಲಿದೆ ಅಂತ ಬಾಗಿಲಲ್ಲೇ ಹೇಳಿ, ಇಲ್ಲಾಂದ್ರೆ ಕತ್ತಲಲ್ಲಿ ಎಲ್ಲರೂ ತಿರುಗಿ ಒಬ್ಬರಿಗೊಬ್ಬರು ಡಿಕ್ಕಿ. ಪಕ್ಕದಲ್ಲೇ ಚೇಳಮ್ಮ. ಚೇಳು ಕಚ್ಚದಿರಲಿ ಅಂತ ಹರಕೆ, ಹುಂಡಿ ಅಂದ್ರೆ ನೆಲದಲ್ಲಿ ಕೊರೆದ ಗುಂಡಿ. ಐದರ ನಾಣ್ಯ ಇಲ್ಲಿ ಖರ್ಚು ಮಾಡಬೇಡಿ, ಆಮೇಲೆ ಬೇಕಾಗುತ್ತೆ. ಎತ್ತಲ್ಲ ಅಂದಿದ್ದೆ ಅಲ್ವಾ.

ಸೋಮೇಶ್ವರ, ನಡೆದೇ ಬಂದ್ವಿ. ಇದು ವಿಜಯನಗರದವರ ಕಾಲದ್ದು. ನನ್ನ ಕೇಳಿದ್ರೆ ಕೋಲಾರಮ್ಮನ ಗುಡಿಗಿಂತ ಇದೇ ಚೆನ್ನ, ಆ ಕಲ್ಯಾಣ ಮಂಟಪದ ಕಂಬಗಳಿಗೆ ಒಂದು ಗಂಟೆ ಕೊಡಬೇಕು. ಎರಡೂ ಪುರಾತತ್ವ ಇಲಾಖೆ ಸುಪರ್ದಿಯಲ್ಲಿವೆ, ಅನುಮತಿ ಇಲ್ಲದೆ ಟ್ರೈಪಾಡ್ ಇಡೋ ಹಾಗಿಲ್ಲ. ಕೈಯಲ್ಲಿ ಹಿಡಿದ ಮೊಬೈಲಲ್ಲಿ ಬಂದಿದ್ದು ಇಷ್ಟು, ಅದಕ್ಕೇ ಕಂಬ ಎಲ್ಲ ಕುಡಿದವರ ಥರ ನಿಂತಿವೆ. ಮಧ್ಯಾಹ್ನ ಬಾಗಿಲು ಹಾಕ್ತಾರೆ, ಆದ್ದರಿಂದ ಎರಡೂ ಗುಡಿ ಹನ್ನೊಂದರ ಒಳಗೆ ಮುಗಿಸಿ. ಹನ್ನೊಂದರ ಮೇಲೆ ಕಲ್ಲು ಚಪ್ಪಡಿ ಕಾದಿರುತ್ತೆ, ಬರಿಗಾಲಲ್ಲಿ ಯಾರೂ ಶಿಲ್ಪ ನೋಡಲ್ಲ, ನೆರಳು ನೋಡ್ತಾರೆ. ಒಂದು ಜೊತೆ ಹಳೇ ಕಾಲುಚೀಲ ತನ್ನಿ.

ಈಗ ಪೇಟೆ. ದೊಡ್ಡಪೇಟೆ, ಕುರುಬರಪೇಟೆ, ಆ ಕಡೆ ಗಲ್‌ಪೇಟೆ, ಕಠಾರಿಪಾಳ್ಯ. ಬಂದವರೆಲ್ಲ ಅಂತರಗಂಗೆ ನೋಡಿ ಹೋಗ್ತಾರೆ, ಇಲ್ಲಿಗೆ ಬರಲ್ಲ. ಮನೆ ಮುಂದೆ ಸಾಲಾಗಿ ನೀಲಿ ಡ್ರಮ್ಮು ನೋಡಿ. ಬೀದಿಯ ನೀರಿನ ಕಥೆ ಕೇಳ್ಬೇಕಾಗಿಲ್ಲ, ಡ್ರಮ್ಮು ಎಣಿಸಿದ್ರೆ ಸಾಕು. ಈ ಜಿಲ್ಲೆಗೆ ವರ್ಷವಿಡೀ ಹರಿಯೋ ನದಿ ಇಲ್ಲ. ಸಾವಿರ, ಸಾವಿರದೈನೂರು ಅಡಿ ಕೊರೆದ ಬೋರ್‌ವೆಲ್ಲು. 2018ರಿಂದ ಕೆ.ಸಿ. ವ್ಯಾಲಿ ಯೋಜನೇಲಿ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಇಲ್ಲಿನ ಕೆರೆಗಳಿಗೆ ತುಂಬಿಸ್ತಿದ್ದಾರೆ. ಮೂರನೇ ಹಂತನೂ ಬೇಕು ಅನ್ನೋದು ಇಲ್ಲಿನವರ ಹಳೇ ಬೇಡಿಕೆ. ನೀರು ಬಂದಿದ್ದು ಒಳ್ಳೇದು. ಮೂರನೇ ಹಂತ ಕೇಳೋದೂ ನ್ಯಾಯ. ಬೆಂಗಳೂರವರು ತೊಳೆದ ನೀರು ಅಂತ ಈ ಕಡೆ ಹಂಗಿಸ್ತಾರೆ, ಅದೇ ನೀರಲ್ಲಿ ಬೆಳೆದ ತರಕಾರಿ ವಾಪಸ್ ಬೆಂಗಳೂರಿಗೇ ಹೋಗುತ್ತೆ.

ಇಲ್ಲಿ ಒಂದು ನಿಯಮ. ನಲ್ಲಿ ಹತ್ರ, ಜಗಲಿ ಮೇಲೆ ಯಾರಾದ್ರೂ ಇದ್ರೆ ಮೊಬೈಲು ಕೆಳಗೆ. ಮೊದಲು ಮಾತು: ‘ಅಕ್ಕಾ, ವಿಡಿಯೋ ಮಾಡ್ಲಾ?’ ಬೇಡ ಅಂದ್ರೆ ಬೇಡ. ಗಲ್ಲಿಗೆ ಇಬ್ಬಿಬ್ಬರಾಗಿ ನಡೀಬೇಕು, ಸೈಕಲ್ಲು ಹೋಗೋಕೆ ಜಾಗ ಇರಬೇಕು. ಎಂಟು ಜನ ಸರಿ ಅಂತ ಬೆಳಗ್ಗೆ ಹೇಳಿದ್ನಲ್ಲ, ಈ ಶಾಟ್ ನೋಡಿದ್ರೆ ದಾರಿ ತೋರಿಸೋಳೂ ಸೇರಿ ಆರೇ ಸರಿ ಅನಿಸುತ್ತೆ. ಎರಡು ಆಟೋ, ಖರ್ಚೂ ಕಡಿಮೆ. ಸರಿ, ಆರು.

ಮಕಬರಾ. ಹೈದರಾಲಿ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ, ಅವನ ತಂದೆ ಫತ್ ಮುಹಮ್ಮದನ ಸಮಾಧಿ ಇಲ್ಲಿ. 1782ರ ಡಿಸೆಂಬರಲ್ಲಿ ಚಿತ್ತೂರಿನ ಹತ್ತಿರ ದಂಡಿನಲ್ಲಿದ್ದಾಗ ಹೈದರಾಲಿ ತೀರಿಕೊಂಡ, ಶವವನ್ನ ಮೊದಲು ತಂದಿಟ್ಟಿದ್ದು ಇಲ್ಲೇ, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ತಲೆ ಮೇಲೆ ಸೆರಗು, ಚಪ್ಪಲಿ ಹೊರಗೆ, ಒಳಗೆ ಹೆಂಗಸರು ಎಲ್ಲಿವರೆಗೆ ಹೋಗಬಹುದು ಅಂತ ನೋಡ್ಕೊಳ್ಳೋರನ್ನ ಕೇಳಿ. ಶುಕ್ರವಾರ ಮಧ್ಯಾಹ್ನ ಈ ಕಡೆ ಬರಬೇಡಿ, ನಮಾಜಿನ ಜನ ಇರ್ತಾರೆ, ನಾವು ಅಡ್ಡ. ಮರದ ನೆರಳು ತಂಪಾಗಿದೆ, ಎಲ್ಲರೂ ಕೂತುಬಿಟ್ಟಿದ್ದಾರೆ. ಸೋಮೇಶ್ವರ ಚೆನ್ನ ಅಂದಿದ್ದೆ. ಕೂರೋಕೆ ಇದು ಚೆನ್ನ.

ಊಟದ ಶಾಟ್ ಹಾಕಲ್ಲ, ಮುದ್ದೆ ನುಂಗೋದನ್ನ ಯಾರೂ ಹತ್ತಿರದಿಂದ ತೋರಿಸಬಾರದು.

ಅಂತರಗಂಗೆ, ಮೂರು ಆಟೋ. ಹೋಗಿ ಬರೋದಕ್ಕೆ ಒಟ್ಟಿಗೆ ಮಾತಾಡ್ಕೊಳ್ಳಿ, ಕಾಯೋ ಹೊತ್ತೂ ಸೇರಿಸಿ. ವಾಪಸ್ಸಿಗೆ ಗುಡ್ಡದ ಬುಡದಲ್ಲಿ ಆಟೋ ಸಿಗುತ್ತೆ ಅಂತ ನಂಬ್ಕೊಂಡು ಹೋದ್ರೆ ಅಲ್ಲಿ ಹೇಳಿದ್ದೇ ರೇಟು. ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಕವರ್ ಬೇಡ. ಕೋತಿಗೆ ಬಾಳೆಹಣ್ಣು ಕಾಣಬೇಕಾಗಿಲ್ಲ, ಕವರ್ ಸರಸರ ಅಂದ್ರೆ ಸಾಕು. ಹೂವು, ಹಣ್ಣು ಎಲ್ಲ ಜಿಪ್ ಇರೋ ಬಟ್ಟೆ ಚೀಲದಲ್ಲಿ, ಚೀಲ ಎದೆ ಮೇಲೆ. ಎಳೆದ್ರೆ ಬಿಟ್ಟುಬಿಡಿ, ಹಿಡ್ಕೊಂಡು ಜಗ್ಗಾಡಿದ್ರೆ ಪರಚುತ್ತೆ, ಆಮೇಲೆ ಆಸ್ಪತ್ರೆ, ಇಂಜೆಕ್ಷನ್ನು. ಮೇಲೆ ಕಾಶಿ ವಿಶ್ವೇಶ್ವರ, ಕಲ್ಲಿನ ಬಸವನ ಬಾಯಿಂದ ನೀರು. ಗುಹೆಗಳ ಕಡೆ ಚಾರಣಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು, ನಾವು ಹೋಗಲ್ಲ. ಇಲ್ಲಿಂದ ಕೆಳಗೆ ನೋಡಿ, ಬೆಳಗ್ಗೆಯಿಂದ ಸುತ್ತಿದ ಪೇಟೆ ಎಲ್ಲ ಒಂದು ಅಂಗೈಯಷ್ಟು.

ಸಂಜೆ. ಬಂಗಾರಪೇಟೆ ಪಾನಿಪುರಿ. ಪಾನಿ ನೋಡಿ, ಹಸಿರೂ ಅಲ್ಲ, ಕಂದು ಬಣ್ಣನೂ ಅಲ್ಲ, ಬರೀ ನೀರು ಥರ. ಬಾಯಿಗೆ ಹಾಕಿದ ಮೇಲೆ ಗೊತ್ತಾಗುತ್ತೆ. ಮುಂದೆ ಒಂದೂವರೆ ಗಂಟೆ ಬಸ್ಸಿದೆ, ಒಂದು ಪ್ಲೇಟಿಗೆ ನಿಲ್ಲಿಸಿ. ಯಾರೂ ನಿಲ್ಲಿಸಿಲ್ಲ. ಅಂದ್ರೆ ಮತ್ತೆ ಆ ಟೇಬಲ್ಲು, ಇನ್ನೊಂದು 45. ಚೀಲದಲ್ಲಿ ನಾಣ್ಯ ಎಂಟಿದೆ, ನಾವು ಒಂಬತ್ತು. ಕೋಲಾರಮ್ಮನ ಗುಡಿಯ ಗುಂಡಿಗೆ ಯಾರು ಹಾಕಿದ್ದು, ಕೈ ಎತ್ತಿ.

ಈ ಬಸ್ಸು ತಿರುಪತಿಯಿಂದ ಬಂದಿದ್ದು, ಬೇಡ. ಇದೂ ಬೇಡ. ಮುಳಬಾಗಿಲಿಂದ ಬಂತು ನೋಡಿ, ಹಿಂದಿನ ಬಾಗಿಲು, ಹಿಂದಿನ ಬಾಗಿಲು, ಆಧಾರ್ ಕೈಯಲ್ಲಿ ಇಟ್ಕೊಳ್ಳಿ. ಕ್ಯಾಮೆರಾ ಆಫ್ ಮಾಡ್ತಿದ್ದೀನಿ.